ರಜೆಯಲ್ಲೂ ಇಳಿಯದ ದಣಿವು: ಕೆಲಸದ ಬಳಲಿಕೆಯಿಂದ ಹೊರಬರುವ ಬಗೆ

ದಿನವಿಡೀ ದುಡಿದು ದಣಿದ ಮನುಷ್ಯ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರೆ ಬೆಳಿಗ್ಗೆ ಮತ್ತೆ ಹುರುಪಿನಿಂದ ಏಳುತ್ತಾನೆ. ಇಂಥ ದಣಿವಿಗೆ ಹೆದರಬೇಕಾಗಿಲ್ಲ. ಇನ್ನೊಂದು ಬಗೆಯ ದಣಿವಿದೆ: ಎಂಟು ಗಂಟೆ ಮಲಗಿ ಎದ್ದರೂ ಮೈ ಭಾರವಾಗಿಯೇ ಇರುತ್ತದೆ, ರಜೆಯ ದಿನ ಸಂಜೆಯಾಗುತ್ತಿದ್ದಂತೆ ಮರುದಿನದ ಕೆಲಸ ನೆನೆದು ಎದೆಯಲ್ಲಿ ಕಳವಳ ಶುರುವಾಗುತ್ತದೆ, ಒಂದು ಕಾಲಕ್ಕೆ ಇಷ್ಟಪಟ್ಟು ಮಾಡುತ್ತಿದ್ದ ಕೆಲಸದ ಬಗ್ಗೆಯೇ ತಾತ್ಸಾರ ಹುಟ್ಟುತ್ತದೆ, ಐದು ನಿಮಿಷದಲ್ಲಿ ಬರೆದು ಮುಗಿಸಬಹುದಾದ ಒಂದು ಉತ್ತರವನ್ನು ಬರೆಯಲಾಗದೆ ಅರ್ಧ ದಿನ ಅದನ್ನೇ ನೋಡುತ್ತಾ ಕೂರುವಂತಾಗುತ್ತದೆ. ಈ ಬರಹ ಈ ಎರಡನೆಯ ದಣಿವಿನಲ್ಲಿ ಸಿಕ್ಕಿಕೊಂಡವರಿಗಾಗಿ.

ನಾನು ಅದರಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಇದ್ದೆ. ಅದನ್ನು ನನ್ನ ಸೋಮಾರಿತನವೆಂದು ತಿಳಿದು, ಇನ್ನೂ ಬೇಗ ಬಂದು ಇನ್ನೂ ತಡವಾಗಿ ಹೊರಡಲು ಆರಂಭಿಸಿದೆ. ಅದರಿಂದ ಬಳಲಿಕೆ ಹೆಚ್ಚಾಯಿತೇ ಹೊರತು ಕೆಲಸ ಮುಗಿಯಲಿಲ್ಲ. ಆಮೇಲೆ ಹತ್ತು ದಿನ ರಜೆ ಹಾಕಿ ಹೋದೆ, ಮರಳಿದ ಮೂರನೆಯ ದಿನಕ್ಕೆ ಹಿಂದಿನ ಸ್ಥಿತಿಗೇ ಬಂದು ನಿಂತಿದ್ದೆ. ಈ ಎರಡು ತಪ್ಪುಗಳಿಂದ ಕಲಿತದ್ದನ್ನು ಮೊದಲೇ ಹೇಳಿಬಿಡುತ್ತೇನೆ: ವಿಶ್ರಾಂತಿ ಬೇಕೇ ಬೇಕು, ಆದರೆ ನಮ್ಮನ್ನು ಬಳಲಿಸಿದ ಕೆಲಸದ ಏರ್ಪಾಡು ಇದ್ದ ಹಾಗೆಯೇ ಇದ್ದರೆ ಯಾವ ವಿಶ್ರಾಂತಿಯೂ ಸಾಲದು. ಹಾಗಾಗಿ ಕೆಳಗಿನ ಸಲಹೆಗಳಲ್ಲಿ ನಿದ್ದೆ, ನಡಿಗೆಗಳಿಗಿಂತ ಕೆಲಸವನ್ನೇ ಬದಲಾಯಿಸುವ ಮಾತು ಹೆಚ್ಚಾಗಿದೆ.

ಮೊದಲು ಅದು ಏನೆಂದು ಗುರುತಿಸಿ

ಈ ಎರಡನೆಯ ದಣಿವಿಗೆ ಇಂಗ್ಲಿಷಿನಲ್ಲಿ ‘ಬರ್ನ್‌ಔಟ್’ ಎನ್ನುತ್ತಾರೆ. ಆ ಪದವನ್ನು ಈ ಅರ್ಥದಲ್ಲಿ ಬಳಕೆಗೆ ತಂದವರಲ್ಲಿ ಮೊದಲಿಗರು ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. ನ್ಯೂಯಾರ್ಕಿನ ಒಂದು ಉಚಿತ ಚಿಕಿತ್ಸಾಲಯದಲ್ಲಿ ಸ್ವಯಂಸೇವಕರ ಜೊತೆ ದುಡಿಯುತ್ತಿದ್ದ ಅವರು, ಉತ್ಸಾಹದಿಂದ ಬಂದವರು ಕೆಲ ಕಾಲದಲ್ಲೇ ಸೊರಗಿ ಹೋಗುವುದನ್ನು ಕಂಡು 1974ರಲ್ಲಿ ಅದರ ಬಗ್ಗೆ ಲೇಖನ ಬರೆದರು. ಹೀಗೆ ಬಳಲಿ ಬೀಳುವವರು ಕೆಲಸಗಳ್ಳರಲ್ಲ, ಎಲ್ಲರಿಗಿಂತ ನಿಷ್ಠೆಯಿಂದ ದುಡಿಯುವವರು ಎಂಬುದು ಅವರು ಅಂದೇ ಗಮನಿಸಿದ ಸಂಗತಿ. ನಿಮ್ಮನ್ನು ನೀವು ಮೈಗಳ್ಳರೆಂದು ಬೈದುಕೊಳ್ಳುತ್ತಿದ್ದರೆ ಈ ಮಾತನ್ನು ಎರಡು ಸಲ ಓದಿಕೊಳ್ಳಿ.

ಬಳಲಿಕೆಯನ್ನು ಅಳೆಯಲು ಇಂದಿಗೂ ಬಳಸುವ ಪ್ರಶ್ನಾವಳಿಯೊಂದನ್ನು ಮನಶ್ಶಾಸ್ತ್ರಜ್ಞರಾದ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಪ್ರಕಟಿಸಿದರು. ಅದು ಮೂರು ಸಂಗತಿಗಳನ್ನು ನೋಡುತ್ತದೆ, ಮತ್ತು ಆ ಮೂರನ್ನೂ ನಾವೇ ನಮ್ಮನ್ನು ಕೇಳಿಕೊಳ್ಳಬಹುದು. ವಿಶ್ರಾಂತಿಯಿಂದಲೂ ಹೋಗದ ನಿತ್ರಾಣ ಇದೆಯೇ? ಜೊತೆಯವರು, ಗ್ರಾಹಕರು, ರೋಗಿಗಳು, ವಿದ್ಯಾರ್ಥಿಗಳು, ಹೀಗೆ ಕೆಲಸದಲ್ಲಿ ಎದುರಾಗುವ ಮನುಷ್ಯರ ಬಗ್ಗೆ ಮೊದಲಿಲ್ಲದ ಕಹಿಯೋ ನಿರ್ಲಿಪ್ತತೆಯೋ ಬೆಳೆದಿದೆಯೇ? ಎಷ್ಟು ಮಾಡಿದರೂ ತಾನು ಏನೂ ಸಾಧಿಸುತ್ತಿಲ್ಲ ಎಂಬ ಭಾವನೆ ಬಲಿತಿದೆಯೇ? ಒಂದಕ್ಕೆ ಮಾತ್ರ ಹೌದು ಎಂದಾದರೆ ಇನ್ನೂ ದಾರಿಯ ಆರಂಭದಲ್ಲಿದ್ದೀರಿ ಎಂದು ನಾನು ಭಾವಿಸುತ್ತೇನೆ. ಮೂರಕ್ಕೂ ಹೌದು ಎಂದಾದರೆ, ಮುಂದಿನ ವಾರಕ್ಕೆ ದೂಡದೆ ಇಂದೇ ಏನಾದರೂ ಮಾಡಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರ ಜನವರಿಯಿಂದ ಜಾರಿಗೆ ಬಂದಿದ್ದು, ಅದರಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆ ಎನ್ನದೆ, ಕೆಲಸದ ಸ್ಥಳದಲ್ಲಿ ದೀರ್ಘಕಾಲ ಮುಂದುವರಿದು ಸರಿಯಾಗಿ ನಿಭಾಯಿಸಲಾಗದೆ ಹೋದ ಒತ್ತಡದ ಫಲವೆಂದೂ ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದೂ ವಿವರಿಸಲಾಗಿದೆ. ಈ ವಿವರಣೆ ಕೇವಲ ಪದಗಳ ಚರ್ಚೆಯಲ್ಲ. ಒತ್ತಡದ ಮೂಲ ಕೆಲಸದಲ್ಲಿದೆ ಎಂದು ಒಪ್ಪಿಕೊಂಡ ಮೇಲೆ, ಪರಿಹಾರವನ್ನೂ ಅಲ್ಲಿ ಹುಡುಕಬೇಕು ಎಂಬುದು ತಾನಾಗಿಯೇ ಹೊರಡುತ್ತದೆ.

ವೈದ್ಯರನ್ನು ಕಾಣುವುದನ್ನು ಮುಂದೂಡಬೇಡಿ

ಎಲ್ಲ ದಣಿವನ್ನೂ ಕೆಲಸದ ತಲೆಗೆ ಕಟ್ಟುವುದು ಅಪಾಯ. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ತೊಂದರೆ, ವಿಟಮಿನ್ ಬಿ12ರ ಕೊರತೆ, ಸಕ್ಕರೆ ಕಾಯಿಲೆ, ನಿದ್ದೆಯಲ್ಲಿ ಉಸಿರು ಆಗಾಗ ಕಟ್ಟುವ ಸ್ಲೀಪ್ ಆಪ್ನಿಯಾ, ಇವೆಲ್ಲವೂ ಇದೇ ಬಗೆಯ ನಿತ್ರಾಣವನ್ನು ತರುತ್ತವೆ. ಇವುಗಳಲ್ಲಿ ಹೆಚ್ಚಿನವನ್ನು ಸಾಮಾನ್ಯ ರಕ್ತಪರೀಕ್ಷೆಯಲ್ಲೇ ಪತ್ತೆಮಾಡಬಹುದು. ಜೋರಾಗಿ ಗೊರಕೆ ಹೊಡೆಯುತ್ತೀರಿ ಎಂದು ಮನೆಯವರು ಹೇಳುತ್ತಿದ್ದರೆ, ಹಗಲಲ್ಲಿ ಕುಳಿತಲ್ಲೇ ತೂಕಡಿಸುತ್ತಿದ್ದರೆ ಅದನ್ನೂ ವೈದ್ಯರಿಗೆ ಮರೆಯದೆ ತಿಳಿಸಿ.

ಖಿನ್ನತೆಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಬರ್ನ್‌ಔಟ್ ಸಾಮಾನ್ಯವಾಗಿ ಕೆಲಸಕ್ಕೆ ಅಂಟಿಕೊಂಡಿರುತ್ತದೆ, ಕೆಲಸದಿಂದ ದೂರವಾದಾಗ ಗೆಳೆಯರ ಮಾತು, ಮಕ್ಕಳ ಆಟ ಇನ್ನೂ ಖುಷಿ ಕೊಡುತ್ತಿರುತ್ತವೆ. ಖಿನ್ನತೆ ಬದುಕಿನ ಎಲ್ಲ ಮೂಲೆಗಳಿಗೂ ಹರಡುತ್ತದೆ. ಆದರೆ ಇವೆರಡೂ ಒಂದರೊಳಗೊಂದು ಬೆರೆತಿರಬಹುದು, ಅವನ್ನು ಬೇರ್ಪಡಿಸಿ ನೋಡುವುದು ಬಳಲಿದವನ ಕೈಲಾಗುವ ಕೆಲಸವಲ್ಲ. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿದ್ದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಭೇಟಿಯಾಗಿ. ಬದುಕುವುದೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ ಈ ಬರಹವನ್ನು ಇಲ್ಲಿಗೇ ಬಿಟ್ಟು, ಹತ್ತಿರದ ಒಬ್ಬರಿಗೆ ಅದನ್ನು ಬಾಯಿಬಿಟ್ಟು ಹೇಳಿ, ಅವರ ಜೊತೆಯಲ್ಲೇ ಆಸ್ಪತ್ರೆಗೆ ಹೋಗಿ ಅಥವಾ ನಿಮ್ಮ ಪ್ರದೇಶದ ಸಹಾಯವಾಣಿಗೆ ಕರೆ ಮಾಡಿ. ಉಳಿದದ್ದೆಲ್ಲ ಆಮೇಲೆ.

ಎರಡು ವಾರ ಬರೆದಿಡಿ

ಬಳಲಿದವರನ್ನು ‘ಏನಾಗಿದೆ’ ಎಂದು ಕೇಳಿದರೆ ಬರುವ ಉತ್ತರ ಬಹುತೇಕ ಒಂದೇ: ಕೆಲಸ ಜಾಸ್ತಿ. ಅದು ನಿಜವಿರಬಹುದು, ಆದರೆ ಅರ್ಧ ನಿಜವಾಗಿರುವ ಸಾಧ್ಯತೆಯೇ ಹೆಚ್ಚು. ಎರಡು ವಾರ ಪ್ರತಿ ಸಂಜೆ ಐದು ನಿಮಿಷ ಕೊಟ್ಟು, ಆ ದಿನ ಮಾಡಿದ ಮುಖ್ಯ ಕೆಲಸಗಳನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ಪ್ರತಿಯೊಂದರ ಎದುರು ಅದನ್ನು ಮಾಡಬೇಕೆಂದು ಯಾರು ತೀರ್ಮಾನಿಸಿದರು, ಯಾವಾಗ ಹೇಗೆ ಮಾಡಬೇಕೆಂಬುದು ನಿಮ್ಮ ಕೈಯಲ್ಲಿತ್ತೇ, ಮುಗಿದ ಮೇಲೆ ಮೈಮನಸ್ಸು ಹೇಗಿತ್ತು ಎಂಬುದನ್ನು ಒಂದೊಂದು ಪದದಲ್ಲಿ ನಮೂದಿಸಿ. ಬೇರೆ ಅಲಂಕಾರ ಬೇಡ.

ನನ್ನ ಪುಸ್ತಕ ನನಗೆ ಅನಿರೀಕ್ಷಿತವಾದದ್ದನ್ನು ತೋರಿಸಿತು. ಅತಿ ಹೆಚ್ಚು ದುಡಿದ ದಿನಗಳಲ್ಲಿ ನಾನು ಅಷ್ಟೇನೂ ಸೋತಿರಲಿಲ್ಲ. ಬೆಳಿಗ್ಗೆ ಕೊಟ್ಟ ಕೆಲಸವನ್ನು ಸಂಜೆ ಬದಲಾಯಿಸಿದ ದಿನಗಳಲ್ಲಿ, ಯಾರ ಹೊಣೆಯೆಂದು ಗೊತ್ತಿಲ್ಲದ ಕೆಲಸಗಳು ನನ್ನ ಮೇಜಿಗೆ ಬಂದು ಬಿದ್ದ ದಿನಗಳಲ್ಲಿ ಕೇವಲ ಆರು ಗಂಟೆ ದುಡಿದರೂ ಮನೆಗೆ ಹೋಗಿ ಮಾತನಾಡಲಾರದಷ್ಟು ಕುಗ್ಗಿರುತ್ತಿದ್ದೆ. ಹಾಗಾಗಿ ನನಗೆ ಬೇಕಾಗಿದ್ದದ್ದು ಕಡಿಮೆ ಕೆಲಸಕ್ಕಿಂತ ಹೆಚ್ಚಾಗಿ, ಕೆಲಸದ ಮೇಲೆ ಸ್ವಲ್ಪ ಹಿಡಿತ.

ಇದು ನನ್ನೊಬ್ಬನ ಅನುಭವವಲ್ಲ. ಕೆಲಸದ ಒತ್ತಡವನ್ನು ಅಧ್ಯಯನ ಮಾಡಿದ ರಾಬರ್ಟ್ ಕರಾಸೆಕ್ 1979ರಲ್ಲಿ ಮಂಡಿಸಿದ ಮಾದರಿಯ ಸಾರವೂ ಇದೇ: ಕೆಲಸದ ಬೇಡಿಕೆ ಹೆಚ್ಚಿದ್ದು, ಅದನ್ನು ಮಾಡುವ ಬಗೆಯನ್ನು ತೀರ್ಮಾನಿಸುವ ಸ್ವಾತಂತ್ರ್ಯ ಕಡಿಮೆಯಿದ್ದಲ್ಲಿ ಒತ್ತಡ ಅತಿ ಹಾನಿಕರವಾಗುತ್ತದೆ. ಮ್ಯಾಸ್ಲಾಕ್ ಮತ್ತು ಮೈಕಲ್ ಲೀಟರ್ ಇದನ್ನು ಇನ್ನಷ್ಟು ವಿಸ್ತರಿಸಿ, ಕೆಲಸಕ್ಕೂ ಮನುಷ್ಯನಿಗೂ ಹೊಂದಾಣಿಕೆ ತಪ್ಪಬಹುದಾದ ಆರು ಜಾಗಗಳನ್ನು ಗುರುತಿಸಿದ್ದಾರೆ: ಕೆಲಸದ ಹೊರೆ, ಹಿಡಿತ, ಪ್ರತಿಫಲ ಮತ್ತು ಮನ್ನಣೆ, ಜೊತೆಯವರೊಡನೆ ಸಂಬಂಧ, ನ್ಯಾಯ, ಮೌಲ್ಯಗಳು. ಬರೆದಿಟ್ಟ ಪುಟಗಳನ್ನು ಈ ಆರರ ಬೆಳಕಿನಲ್ಲಿ ಓದಿ. ಹೊರೆಯೇ ಕಾರಣವಾದರೆ ಕೆಲಸ ಕಡಿಮೆಯಾಗಬೇಕು. ಅನ್ಯಾಯ ಕಾರಣವಾದರೆ ಎಷ್ಟು ಕೆಲಸ ಕಡಿಮೆಮಾಡಿದರೂ ಕಹಿ ಹೋಗದು. ತಪ್ಪೆಂದು ಮನಸ್ಸಾಕ್ಷಿ ಹೇಳುವ ಕೆಲಸವನ್ನು ದಿನವೂ ಮಾಡಬೇಕಾಗಿದ್ದರೆ, ಸಂಬಳ ಹೆಚ್ಚಿಸಿಕೊಂಡರೂ ಒಳಗಿನ ಕೊರೆತ ನಿಲ್ಲದು. ಕಾರಣ ತಿಳಿಯದೆ ಕೊಟ್ಟ ಮದ್ದು ಅಲ್ಲಿಯೇ ವ್ಯರ್ಥವಾಗುತ್ತದೆ.

ದಾದಿಯರು, ಶಿಕ್ಷಕರು, ಗ್ರಾಹಕರ ಕರೆಗೆ ಉತ್ತರಿಸುವವರು ಮತ್ತೊಂದು ಕಾಲಂ ಸೇರಿಸಿಕೊಳ್ಳಬೇಕು. ಒಳಗೆ ಸಿಟ್ಟಿದ್ದರೂ ಮುಖದಲ್ಲಿ ನಗು ತಂದುಕೊಳ್ಳುವುದು ಕೂಡ ದುಡಿಮೆಯೇ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಅದನ್ನು ಭಾವನಾತ್ಮಕ ದುಡಿಮೆ ಎಂದು ಕರೆದು ವಿವರಿಸಿದ್ದರು. ಈ ದುಡಿಮೆ ಯಾವ ಹಾಜರಿ ಪುಸ್ತಕದಲ್ಲೂ ದಾಖಲಾಗುವುದಿಲ್ಲವಾದ್ದರಿಂದ ದಿನಕ್ಕೆ ಎಷ್ಟು ಸಲ ಹಾಗೆ ನಗಬೇಕಾಯಿತು ಎಂಬುದನ್ನು ನೀವೇ ಎಣಿಸಿಡಬೇಕು.

ಹೊರೆ ಇಳಿಸುವುದು ಹೇಗೆ

ಈಗ ಎಲ್ಲಕ್ಕಿಂತ ಕಷ್ಟದ ಭಾಗ. ನಿಮ್ಮ ಹೊಣೆಗಳೆಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ಹುದ್ದೆಯ ವಿವರದಲ್ಲಿ ಇರುವವು ಮಾತ್ರವಲ್ಲ, ಹೊಸಬರಿಗೆ ಕಲಿಸುವುದು, ಇತರರ ತಪ್ಪು ತಿದ್ದುವುದು, ಮೀಟಿಂಗಿನ ಟಿಪ್ಪಣಿ ಬರೆಯುವುದು, ಜೊತೆಯವರ ಜಗಳ ಬಿಡಿಸುವುದು ಮುಂತಾದ ಕಣ್ಣಿಗೆ ಕಾಣದ ಕೆಲಸಗಳನ್ನೂ ಸೇರಿಸಿ. ಚೆನ್ನಾಗಿ ಕೆಲಸ ಮಾಡುವವರ ಬಳಿಗೇ ಇನ್ನಷ್ಟು ಕೆಲಸ ಹುಡುಕಿಕೊಂಡು ಬರುವುದರಿಂದ ಹಾಳೆ ತುಂಬಿಹೋದರೆ ಆಶ್ಚರ್ಯಪಡಬೇಡಿ. ಬಳಿಕ ನೀವೇ ಮಾಡಬೇಕಾದವು, ಬೇರೆಯವರೂ ಮಾಡಬಹುದಾದವು, ನಿಲ್ಲಿಸಿದರೆ ಯಾರಿಗೂ ಗೊತ್ತಾಗದಂಥವು ಎಂದು ಗುರುತು ಹಾಕಿ. ಮೂರನೆಯ ಗುಂಪಿನಲ್ಲಿ ಒಂದನ್ನು ಈ ವಾರವೇ ನಿಲ್ಲಿಸಿ ನೋಡಿ. ಯಾರೂ ಓದದ ವಾರದ ವರದಿಯೊಂದನ್ನು ನಾನು ಹೀಗೆ ನಿಲ್ಲಿಸಿದೆ. ಎರಡು ತಿಂಗಳಾದರೂ ಯಾರೂ ಅದನ್ನು ಕೇಳಲಿಲ್ಲ.

ಉಳಿದದ್ದಕ್ಕೆ ಮೇಲಧಿಕಾರಿಯ ಜೊತೆ ಮಾತನಾಡಲೇಬೇಕು. ಬಳಲಿದವರು ಈ ಮಾತನ್ನು ಎರಡು ಬಗೆಯಲ್ಲಿ ಕೆಡಿಸಿಕೊಳ್ಳುತ್ತಾರೆ: ತಿಂಗಳುಗಟ್ಟಲೆ ಏನೂ ಹೇಳದೆ ಒಂದು ದಿನ ಸಿಟ್ಟಿನಲ್ಲಿ ಎಲ್ಲವನ್ನೂ ಹೊರಹಾಕುತ್ತಾರೆ, ಇಲ್ಲವೇ ‘ಸ್ವಲ್ಪ ಕಷ್ಟವಾಗುತ್ತಿದೆ’ ಎಂದಷ್ಟೇ ಗೊಣಗಿ ‘ಎಲ್ಲರಿಗೂ ಹಾಗೇ ಇದೆ’ ಎಂಬ ಉತ್ತರ ಪಡೆದು ಹಿಂದಿರುಗುತ್ತಾರೆ. ಮೊದಲೇ ಅರ್ಧ ಗಂಟೆ ಸಮಯ ಕೇಳಿ, ಆ ಹಾಳೆಯನ್ನು ಕೈಯಲ್ಲಿ ಹಿಡಿದು ಹೋಗಿ, ಹೀಗೆ ಆರಂಭಿಸಬಹುದು: ‘ಸರ್, ನನ್ನ ಕೈಯಲ್ಲಿ ಈಗ ಈ ಏಳು ಕೆಲಸಗಳಿವೆ. ಈ ತಿಂಗಳು ಇವುಗಳಲ್ಲಿ ಐದನ್ನು ಚೆನ್ನಾಗಿ ಮುಗಿಸಿಕೊಡಬಲ್ಲೆ. ಯಾವ ಐದು ಮೊದಲು ಆಗಬೇಕೆಂದು ನೀವು ಹೇಳಿದರೆ, ಉಳಿದ ಎರಡರ ಗಡುವನ್ನು ಮುಂದಕ್ಕೆ ಹಾಕೋಣ ಅಥವಾ ಬೇರೆ ಯಾರಿಗಾದರೂ ಒಪ್ಪಿಸೋಣ.’ ಈ ಮಾತಿನಲ್ಲಿ ದೂರಿಲ್ಲ, ಬೇಡಿಕೊಳ್ಳುವುದೂ ಇಲ್ಲ. ಯಾವುದು ಮುಖ್ಯವೆಂದು ತೀರ್ಮಾನಿಸುವುದು ಅಧಿಕಾರಿಯ ಕೆಲಸ, ಅದನ್ನು ಅವರಿಗೇ ಮರಳಿಸುತ್ತಿದ್ದೀರಿ. ‘ಏಳೂ ಮುಖ್ಯ’ ಎಂದರೆ, ‘ಹಾಗಾದರೆ ಎರಡು ತಡವಾಗುವುದು ಖಚಿತ, ಯಾವುವು ತಡವಾದರೆ ತೊಂದರೆ ಕಡಿಮೆ?’ ಎಂದು ಶಾಂತವಾಗಿ ಮತ್ತೆ ಕೇಳಿ.

ಕೇಳುವಾಗ ಚಿಕ್ಕದಾದ, ಸ್ಪಷ್ಟವಾದ, ಅವಧಿ ಇರುವ ಬದಲಾವಣೆಯನ್ನೇ ಕೇಳಿ. ‘ಒತ್ತಡ ಕಡಿಮೆ ಮಾಡಿ’ ಎಂದರೆ ಯಾರಿಗೂ ಏನು ಮಾಡಬೇಕೆಂದು ತಿಳಿಯದು; ‘ಆರು ವಾರ ಬೆಳಗಿನ ಮೊದಲ ಎರಡು ಗಂಟೆ ನನಗೆ ಮೀಟಿಂಗ್ ಇಡಬೇಡಿ, ಆಮೇಲೆ ಒಟ್ಟಿಗೆ ಕೂತು ನೋಡೋಣ’ ಎಂದರೆ ಒಪ್ಪುವುದು ಸುಲಭ. ಒಪ್ಪಿದ್ದನ್ನು ಅದೇ ದಿನ ಎರಡು ಸಾಲಿನ ಇಮೇಲ್‌ನಲ್ಲಿ ಬರೆದು ಕಳಿಸಿ. ಇದು ಅಪನಂಬಿಕೆಯಲ್ಲ, ಬಾಯಿಮಾತಿನ ಒಪ್ಪಂದ ಎರಡೇ ವಾರದಲ್ಲಿ ಇಬ್ಬರಿಗೂ ಮರೆತುಹೋಗುತ್ತದೆ. ಆರೋಗ್ಯದ ವಿಷಯವನ್ನು ಎಷ್ಟು ತೆರೆದಿಡಬೇಕು ಎಂಬುದು ನಿಮ್ಮ ಆಯ್ಕೆ. ನಂಬಿಕೆ ಇದ್ದಲ್ಲಿ ಹೇಳುವುದು ಒಳ್ಳೆಯದು, ಇಲ್ಲದಿದ್ದಲ್ಲಿ ಕೆಲಸದ ಲೆಕ್ಕವನ್ನಷ್ಟೇ ಮುಂದಿಟ್ಟರೆ ಸಾಕು. ಮೇಲಧಿಕಾರಿಯೇ ಬಳಲಿಕೆಗೆ ಕಾರಣವಾಗಿದ್ದರೆ ಎಚ್‌ಆರ್ ವಿಭಾಗವನ್ನೋ ನಂಬಿಕೆಯ ಇನ್ನೊಬ್ಬ ಹಿರಿಯರನ್ನೋ ಕಾಣಿ, ಜೊತೆಗೆ ವೈದ್ಯರ ಪತ್ರವಿದ್ದರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಹೊಸದಾಗಿ ಬರುವ ಕೆಲಸಕ್ಕೆ ನಿಂತ ನಿಲುವಿನಲ್ಲೇ ‘ಆಯಿತು’ ಎನ್ನುವ ಅಭ್ಯಾಸವನ್ನು ಬಿಡಿ. ‘ನೋಡಿಕೊಂಡು ಸಂಜೆಯೊಳಗೆ ಹೇಳುತ್ತೇನೆ’ ಎಂಬ ಒಂದೇ ವಾಕ್ಯ ನನ್ನನ್ನು ಎಷ್ಟೋ ಹೊರೆಗಳಿಂದ ಉಳಿಸಿದೆ.

ಗಂಟೆಗಳ ಲೆಕ್ಕವನ್ನೂ ಕಡೆಗಣಿಸಬಾರದು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ. 35ರಷ್ಟೂ ಹೃದಯದ ರಕ್ತನಾಳಗಳ ಕಾಯಿಲೆಯಿಂದ ಸಾಯುವ ಅಪಾಯ ಸುಮಾರು ಶೇ. 17ರಷ್ಟೂ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಜಂಟಿಯಾಗಿ ಅಂದಾಜಿಸಿದವು. ರಾತ್ರಿ ಮನೆಯಲ್ಲಿ ಕುಳಿತು ಉತ್ತರಿಸುವ ಸಂದೇಶಗಳ ಹೊತ್ತನ್ನೂ ಕೂಡಿಸಿದರೆ ತಮ್ಮ ವಾರ 55 ಗಂಟೆ ದಾಟಿದೆಯೆಂದು ಎಷ್ಟೋ ಮಂದಿಗೆ ಗೊತ್ತೇ ಇರುವುದಿಲ್ಲ.

ಕೆಲಸದ ಬಾಗಿಲು ಮುಚ್ಚುವುದು

ಮೈ ಮನೆಗೆ ಬಂದರೂ ಮನಸ್ಸು ಕೆಲಸದಲ್ಲೇ ಉಳಿದರೆ ವಿಶ್ರಾಂತಿ ಆರಂಭವಾಗುವುದೇ ಇಲ್ಲ. ಬಿಡುವಿನ ಹೊತ್ತಿನ ಬಗ್ಗೆ ದೀರ್ಘಕಾಲ ಅಧ್ಯಯನ ನಡೆಸಿರುವ ಸಬೀನೆ ಸೊನ್ನೆನ್‌ಟಾಗ್ ಇದನ್ನು ಮಾನಸಿಕವಾಗಿ ಕೆಲಸದಿಂದ ಬಿಡಿಸಿಕೊಳ್ಳುವುದು ಎನ್ನುತ್ತಾರೆ. ‘ಕೆಲಸದ ಬಗ್ಗೆ ಯೋಚಿಸಬಾರದು’ ಎಂದು ಗಟ್ಟಿಮಾಡಿಕೊಂಡರೆ ಅದೇ ಯೋಚನೆ ಇಮ್ಮಡಿಯಾಗುತ್ತದೆ. ಅದರ ಬದಲು ಹೊರಡುವ ಹತ್ತು ನಿಮಿಷ ಮುಂಚೆ, ಅರ್ಧಕ್ಕೆ ನಿಂತ ಕೆಲಸಗಳನ್ನೂ ಪ್ರತಿಯೊಂದರ ಮುಂದಿನ ಹೆಜ್ಜೆ ಏನು, ಯಾವಾಗ ಎಂಬುದನ್ನೂ ಬರೆದಿಡಿ. ಮುಗಿಯದ ಕೆಲಸ ಮನಸ್ಸನ್ನು ಕಾಡುವುದು ಅದು ಮುಗಿಯಲಿಲ್ಲ ಎಂಬುದಕ್ಕಿಂತ ಮುಂದೇನೆಂದು ನಿಗದಿಯಾಗಿಲ್ಲ ಎಂಬ ಕಾರಣಕ್ಕೆ. ಬರೆದಿಟ್ಟ ರಾತ್ರಿಗಳಲ್ಲಿ ಆ ಕಾಟ ಎಷ್ಟು ಕಡಿಮೆಯಾಗುತ್ತದೆಂಬುದನ್ನು ಒಂದು ವಾರ ಮಾಡಿ ನೋಡಿದರೆ ತಿಳಿಯುತ್ತದೆ.

ಆಮೇಲೆ ಮೊಬೈಲ್. ಕೆಲಸದ ವಾಟ್ಸಾಪ್ ಗುಂಪುಗಳ ಸದ್ದನ್ನು ನಿಗದಿತ ಹೊತ್ತಿನ ನಂತರ ನಿಲ್ಲಿಸಿ, ನಿಜವಾದ ತುರ್ತಿದ್ದರೆ ಕರೆ ಮಾಡಿ ಎಂದು ಜೊತೆಯವರಿಗೆ ಮೊದಲೇ ತಿಳಿಸಿ. ಮನೆಯಿಂದಲೇ ಕೆಲಸ ಮಾಡುವವರು ಲ್ಯಾಪ್‌ಟಾಪನ್ನು ಕಣ್ಣಿಗೆ ಕಾಣದ ಜಾಗದಲ್ಲಿ ಇಟ್ಟು, ಹತ್ತು ನಿಮಿಷ ಹೊರಗೆ ನಡೆದು ಬಂದರೆ ಆ ಓಡಾಟವೇ ಕೆಲಸಕ್ಕೂ ಮನೆಗೂ ನಡುವಿನ ಹೊಸ್ತಿಲಾಗುತ್ತದೆ.

ಬಿಡುವಿನಲ್ಲಿ ಏನು ಮಾಡಬೇಕು? ಬಳಲಿದವರಿಗೆ ಮೊಬೈಲ್ ತೆರೆಯ ಮೇಲೆ ಬೆರಳಾಡಿಸುವುದಷ್ಟೇ ಸಾಧ್ಯವೆನಿಸುತ್ತದೆ, ಆದರೆ ಅದು ಮುಗಿದ ಮೇಲೆ ಮೈ ಹಗುರವಾಗುವುದು ಅಪರೂಪ. ವಾರಕ್ಕೆ ಒಂದೆರಡು ಸಲವಾದರೂ, ಕೆಲಸಕ್ಕೆ ಸಂಬಂಧವೇ ಇಲ್ಲದ, ಸ್ವಲ್ಪ ಸ್ವಲ್ಪವೇ ಕಲಿಯುತ್ತಾ ಹೋಗುವಂಥ ಏನನ್ನಾದರೂ ಮಾಡಿ: ಹಾಡುವುದು, ಗಿಡ ಬೆಳೆಸುವುದು, ಮರಗೆಲಸ, ಈಜು. ‘ನನ್ನಿಂದ ಏನೂ ಆಗುತ್ತಿಲ್ಲ’ ಎಂಬ ಭಾವನೆಗೆ ಉತ್ತರ ಕೊಡುವ ಶಕ್ತಿ ಇಂಥ ಸಣ್ಣ ಕಲಿಕೆಗಿದೆ.

ನಿದ್ದೆಯ ಬಗ್ಗೆ ಹೊಸದಾಗಿ ಹೇಳಬೇಕಾದ್ದು ಕಡಿಮೆ. ವಯಸ್ಕರಿಗೆ ರಾತ್ರಿ ಏಳು ಗಂಟೆಯಾದರೂ ನಿದ್ದೆ ಬೇಕು, ಏಳುವ ಹೊತ್ತು ರಜೆಯ ದಿನವೂ ಹೆಚ್ಚು ಬದಲಾಗದಿದ್ದರೆ ಒಳ್ಳೆಯದು. ದೇಹಕ್ಕೆ ಸೇರಿದ ಕೆಫೀನಿನ ಅರ್ಧದಷ್ಟು ಹೊರಹೋಗಲು ಸಾಮಾನ್ಯವಾಗಿ ಸುಮಾರು ಐದು ಗಂಟೆ ಹಿಡಿಯುವುದರಿಂದ, ದಣಿವು ತಡೆಯಲು ಸಂಜೆ ಕುಡಿದ ಕಾಫಿ ರಾತ್ರಿಯ ನಿದ್ದೆಯನ್ನು ಕೆಡಿಸಿ ಮರುದಿನದ ದಣಿವನ್ನು ಹೆಚ್ಚಿಸುತ್ತದೆ. ದಿನವೂ ಅರ್ಧ ಗಂಟೆ ಚುರುಕಾಗಿ ನಡೆಯಿರಿ. ತೀರಾ ಸೋತಿದ್ದರೆ ಹತ್ತೇ ನಿಮಿಷದಿಂದ ಶುರುಮಾಡಿ.

ರಜೆ ತೆಗೆದುಕೊಳ್ಳುವಾಗ

ರಜೆಯಿಂದ ಸಿಗುವ ಚೈತನ್ಯ ಮರಳಿ ಬಂದ ಕೆಲವೇ ವಾರಗಳಲ್ಲಿ ಕರಗಿಹೋಗುತ್ತದೆ ಎಂಬುದು ಅಧ್ಯಯನಗಳಲ್ಲಿ ಕಂಡುಬಂದ ಸಂಗತಿ. ಹಾಗೆಂದು ರಜೆ ಬೇಡವೆಂದಲ್ಲ. ರಜೆಗೆ ಮುಂಚೆಯೇ, ನೀವು ಇಲ್ಲದಾಗ ಯಾವ ಕೆಲಸ ಯಾರ ಕೈಗೆ ಹೋಗುತ್ತದೆ ಎಂಬುದು ಬರಹದಲ್ಲಿ ತೀರ್ಮಾನವಾಗಬೇಕು, ಇಲ್ಲದಿದ್ದರೆ ಎಲ್ಲವೂ ಮೇಜಿನ ಮೇಲೆ ಗುಡ್ಡೆಬಿದ್ದು ನಿಮಗಾಗಿ ಕಾಯುತ್ತಿರುತ್ತವೆ. ಊರಿನಿಂದ ಬಂದ ಮರುದಿನವೇ ಕೆಲಸಕ್ಕೆ ಹಾಜರಾಗದೆ ಒಂದು ದಿನ ಬಿಡುವಿಟ್ಟುಕೊಳ್ಳಿ. ವೈದ್ಯರು ದೀರ್ಘ ರಜೆ ಸೂಚಿಸಿದ್ದರೆ, ಮರಳುವಾಗ ಮೊದಲ ಎರಡು ಮೂರು ವಾರ ಅರ್ಧ ದಿನವೋ ಕಡಿಮೆ ಹೊಣೆಯೋ ಇರುವಂತೆ ಲಿಖಿತವಾಗಿ ಕೇಳಿ. ಗುಣವಾಗಿದ್ದೇನೆಂದು ತೋರಿಸುವ ಆತುರದಲ್ಲಿ ಮೊದಲ ದಿನವೇ ಎಲ್ಲವನ್ನೂ ಹೊತ್ತುಕೊಂಡು ಮತ್ತೆ ಕುಸಿದವರನ್ನು ನಾನು ಕಂಡಿದ್ದೇನೆ.

ಏನೂ ಬದಲಾಗದಿದ್ದರೆ

ಕೇಳಿದ್ದೆಲ್ಲವನ್ನೂ ಕೇಳಿ, ಆರು ವಾರ, ಮೂರು ತಿಂಗಳು ಕಾದ ಮೇಲೂ ಏನೂ ಬದಲಾಗದ ಜಾಗಗಳಿವೆ. ಅಂಥಲ್ಲಿ ಕೆಲಸ ಬಿಡುವುದು ಸೋಲಲ್ಲ. ಆದರೆ ತೀರಾ ಕೆಟ್ಟ ವಾರದಲ್ಲಿ ರಾಜೀನಾಮೆ ಬರೆಯಬೇಡಿ, ಬಳಲಿದ ಮನಸ್ಸಿಗೆ ಎರಡೇ ದಾರಿ ಕಾಣುತ್ತವೆ, ಮೂರನೆಯದು ಕಾಣುವುದಿಲ್ಲ. ಕೆಲ ದಿನ ರಜೆ ಪಡೆದು, ಸ್ವಲ್ಪ ನಿದ್ದೆಯಾದ ಮೇಲೆ, ಕೈಯಲ್ಲಿರುವ ಹಣ ಎಷ್ಟು ತಿಂಗಳಿಗೆ ಸಾಕು, ಅದೇ ಸಂಸ್ಥೆಯಲ್ಲಿ ಬೇರೆ ವಿಭಾಗ ಇದೆಯೇ ಎಂಬುದನ್ನು ನೋಡಿ. ಹೊಸ ಕೆಲಸಕ್ಕೆ ಹೋಗುವಾಗ ಹಿಂದೆ ಹೇಳಿದ ಆರು ಜಾಗಗಳನ್ನು ಮುಂದಿಟ್ಟುಕೊಂಡು ಪ್ರಶ್ನೆ ಕೇಳಿ. ಸಂಬಳ ಒಂದನ್ನೇ ನೋಡಿ ಹೋದರೆ ಅದೇ ಬಳಲಿಕೆ ಬೇರೆ ಕಟ್ಟಡದಲ್ಲಿ ಎದುರಾಗುತ್ತದೆ. ಮನೆಯ ಹೊಣೆಯಿಂದಾಗಿ ಸದ್ಯ ಬಿಡಲಾಗದವರು, ಬಿಡುವ ದಿನಾಂಕವೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ತಿಂಗಳಿಗೊಂದು ಅರ್ಜಿಯನ್ನಾದರೂ ಹಾಕುತ್ತಿರಬೇಕು. ಕೊನೆಯಿಲ್ಲದ ಹೊರೆಗಿಂತ ಕೊನೆ ಕಾಣುವ ಹೊರೆಯನ್ನು ಹೊರುವುದು ಎಷ್ಟೋ ಸುಲಭ.

ಚೇತರಿಕೆ ವಾರಗಳಲ್ಲಿ ಆಗುವುದಿಲ್ಲ, ತಿಂಗಳುಗಳು ಬೇಕಾಗುತ್ತವೆ, ನಡುವೆ ಹಿಂಜಾರುವ ದಿನಗಳೂ ಬರುತ್ತವೆ. ಆದ್ದರಿಂದ ನಿಮ್ಮ ಬಳಲಿಕೆಯ ಮೊದಲ ಗುರುತು ಯಾವುದೆಂದು ಕಂಡುಕೊಳ್ಳಿ. ನನ್ನ ಮಟ್ಟಿಗೆ ಅದು, ಜೊತೆಯವರು ಏನಾದರೂ ಕೇಳಲು ಬಂದಾಗ ತಲೆಯೆತ್ತದೆಯೇ ಉತ್ತರಿಸುವುದು. ಮನೆಯಲ್ಲೂ ಹಾಗೆಯೇ ಮಾಡುತ್ತೇನಂತೆ, ನನಗದು ತಿಳಿಯುವುದಿಲ್ಲ. ಹಾಗಾಗಿ ಕಂಡ ಕೂಡಲೇ ಹೇಳಿಬಿಡಿ ಎಂದು ಮನೆಯವರನ್ನು ಕೇಳಿಕೊಂಡಿದ್ದೇನೆ. ಅವರು ಹೇಳಿದ ವಾರ ಯಾವ ಹೊಸ ಕೆಲಸವನ್ನೂ ಒಪ್ಪಿಕೊಳ್ಳದೆ, ಹಳೆಯ ಹಾಳೆಯನ್ನು ಹೊರತೆಗೆದು ಹೊಸ ಪಟ್ಟಿ ಬರೆಯಲು ಕೂರುತ್ತೇನೆ.